ಮಾರ್ಕು ಉತ್ತರಕ್ಕೆ, ಪ್ರಶ್ನೆಗಲ್ಲ

ಇಂಗ್ಲಿಷ್ ಬಾರದೆಯೂ ಇಂಗ್ಲಿಷ್ ಮಾತಾಡುವ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ ಎಂಬ ವಿದ್ಯೆ ಬಲ್ಲವರು ಆ ಕಾಲಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಇಬ್ಬರೇ ಇದ್ದರು. ಒಬ್ಬರು ಸಿದ್ದಾಪುರ ಕಡೆಯ ಒಬ್ಬ ಮಾಸ್ತರರು. ಅವರು ಹಿಂದಿನ ವರ್ಷ ಕರಾವಳಿಯವರ ತಂಡದೊಡನೆ ಅದೇ ಪರೀಕ್ಷೆಗೆ ಕೂತು ನಪಾಸಾಗಿ ಬಂದಿದ್ದರು, ಹಾಗಾಗಿ ಆ ವಿಷಯದಲ್ಲಿ ಅವರ ಮಾತಿಗೆ ಬಲು ತೂಕ. ಇನ್ನೊಬ್ಬಳು ನಾನು. ನಾನು ಪಾಸಾದೆ. ಆಮೇಲೆ ನಿವೃತ್ತಿಯಾಗುವವರೆಗೂ ಶಿರಸಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಆ ಮಕ್ಕಳಲ್ಲಿ ಕೆಲವರು ಇಂದಿಗೂ ದಾರಿಯಲ್ಲಿ ಸಿಕ್ಕರೆ ಕನ್ನಡದಲ್ಲೇ ಮಾತಾಡುತ್ತಾರೆ. ಅದು ನನ್ನ ಮೇಲಿನ ಗೌರವವೋ ನಾನು ಕಲಿಸಿದ್ದರ ಫಲವೋ ಕೇಳುವ ಧೈರ್ಯ ನನಗಾಗಿಲ್ಲ.

ನಾನು ಬನವಾಸಿ ಕಡೆಯವಳು. ನಮ್ಮಪ್ಪ ಬೆಲ್ಲದ ವ್ಯಾಪಾರಿ. ಬೆಲ್ಲಕ್ಕೆ ಇಲ್ಲದ ಗುಣವನ್ನೂ ಹಚ್ಚಿ ಹೇಳಿ, ಕೊಂಡವನು ಮನೆಗೆ ಹೋಗಿ ಬಾಯಿಗೆ ಹಾಕಿಕೊಂಡರೂ ಅಪ್ಪ ಹೇಳಿದ ರುಚಿಯೇ ಹತ್ತುವಂತೆ ಮಾಡುವ ಶಕ್ತಿ ಅವನ ನಾಲಿಗೆಗಿತ್ತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂಬುದು ನಮ್ಮ ಮನೆಯ ವೇದ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ, ಟ್ರೇನಿಂಗ್ ಮಾಡಿಕೊಂಡು ಶಿರಸಿಯ ಒಂದು ಪ್ರಾಥಮಿಕ ಶಾಲೆಗೆ ಅಕ್ಕೋರಾಗಿ ಸೇರಿದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರ, ಹೆಂಗಸು ಅಕ್ಕೋರು. ಸೇರಿದ ವರ್ಷವೇ ಮದುವೆಯೂ ಆಯಿತು. ಗಂಡನಿಗೆ ಶಿರಸಿ ಪೇಟೆಯ ಅಡಿಕೆ ಮಂಡಿಯಲ್ಲಿ ಕೆಲಸ. ಊರಲ್ಲೇ ಮನೆ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಶಾಲೆ. ಇದಕ್ಕಿಂತ ಹೆಚ್ಚಿನ ಮೋಕ್ಷವನ್ನು ನಾನು ದೇವರಲ್ಲಿ ಕೇಳಿರಲಿಲ್ಲ.

ಇಂಗ್ಲಿಷನ್ನಂತೂ ಕೇಳಿರಲೇ ಇಲ್ಲ. ಮುಂಬಯಿ ಸರಕಾರದ ಕಾಲದಲ್ಲಿ ನಮ್ಮಂಥ ಶಾಲೆಗಳಿಗೂ ಇಂಗ್ಲಿಷಿಗೂ ಮುಖಪರಿಚಯವಿರಲಿಲ್ಲ, ಅದು ಹೈಸ್ಕೂಲಿಗೆ ಹೋದವರ ಕಷ್ಟ. ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಒಂದು ಬೆಳಗ್ಗೆ ಏಳುವುದರೊಳಗೆ ನಾವು ಮುಂಬಯಿಯವರಾಗಿದ್ದವರು ಮೈಸೂರಿನವರಾದೆವು. ಪೇಡೆ ಹಂಚಿದೆವು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಜಯಕಾರ ಹಾಕಿಸಿದೆವು. ಕನ್ನಡಿಗರೆಲ್ಲ ಒಂದಾದ ಸಂತೋಷ ನಾಲ್ಕೈದು ವರ್ಷ ಆರದೆ ಇತ್ತು. ಅಷ್ಟರಲ್ಲಿ ಮೇಲಿನಿಂದ ಹುಕುಂ ಬಂತು: ಇನ್ನು ಐದನೆಯ ಇಯತ್ತೆಯಿಂದ ಇಂಗ್ಲಿಷ್ ಕಲಿಸಬೇಕು. ಕನ್ನಡಿಗರು ಒಂದಾದದ್ದಕ್ಕೆ ನಮಗೆ ಸಿಕ್ಕ ಬಹುಮಾನ ಇಂಗ್ಲಿಷ್.

ಕಲಿಸುವವರು ಯಾರು ಎಂಬ ಪ್ರಶ್ನೆ ಮೇಲಿನವರಿಗೂ ಹೊಳೆದಿರಬೇಕು. ಬೇಸಿಗೆ ರಜೆಯಲ್ಲಿ ಮೂರು ತಾಲೂಕಿನ ಆಯ್ದ ಶಿಕ್ಷಕರಿಗೆ ಶಿರಸಿಯಲ್ಲಿ ಎರಡು ವಾರ ತರಬೇತಿ, ಕೊನೆಗೆ ಬಾಯಿಮಾತಿನ ಪರೀಕ್ಷೆ ಎಂದು ಗೊತ್ತಾಯಿತು. ನಮ್ಮ ಶಾಲೆಯಿಂದ ಇಬ್ಬರ ಹೆಸರು ಹೋಯಿತು: ನನ್ನದು, ಮತ್ತು ನಮ್ಮ ಹಿರಿಯ ಅಕ್ಕೋರದು. ಹೆಡ್‌ಮಾಸ್ತರರು ನಮ್ಮಿಬ್ಬರನ್ನೂ ಕರೆದು ಮುಂದೆ ನಿಲ್ಲಿಸಿಕೊಂಡರು. ಅವರು ಹಾವೇರಿ ಕಡೆಯವರು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲದವರು.

"ನೋಡ್ರಿ ಅಕ್ಕೋರೆ, ನಮ್ಮ ಸಾಲ್ಯಾಗ ಒಂದು ಜಾಗಾ ಕಡಿಮಿ ಆಗೇತಿ. ನಿಮ್ಮಿಬ್ಬರೊಳಗ ಒಬ್ರು ಇಲ್ಲಿರ್ತೀರಿ, ಒಬ್ರು ಯಲ್ಲಾಪುರ ತಾಲೂಕಿಗೆ ಹೋಗ್ತೀರಿ. ಇಂಗ್ಲಿಷಿನ್ಯಾಗ ಯಾರಿಗೆ ಹೆಚ್ಚು ಮಾರ್ಕೋ ಅವರು ಇರ್ತಾರ. ಹೇಳೂದು ಮಾರ್ಕು, ನಾ ಅಲ್ಲ," ಅಂದರು.

ಯಲ್ಲಾಪುರ ತಾಲೂಕು ಅಂದರೆ ಯಲ್ಲಾಪುರ ಪೇಟೆಯಲ್ಲ. ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುವ ಹರಕೆ ಹೊತ್ತವರು ಹೋಗುತ್ತಾರಲ್ಲ, ಅಲ್ಲಿಂದಲೂ ಆಚೆ, ಬಸ್ಸು ಇಳಿದು ಎರಡು ತಾಸು ನಡೆದರೆ ಸಿಗುವ ಒಂದು ಶಾಲೆ. ಹೋಗಬೇಕಾಗಿ ಬಂದರೆ ನಾನು ಗಂಡನನ್ನು ಬಿಟ್ಟು ಹೋಗಬೇಕಿತ್ತು. ಅದು ನನಗೆ ಆಗ ಬೆಟ್ಟದಷ್ಟು ದೊಡ್ಡದಾಗಿ ಕಂಡಿತು. ಹಿರಿಯ ಅಕ್ಕೋರು ಹೋಗಬೇಕಾದರೆ ತಾಯಿಯನ್ನು ಬಿಟ್ಟು ಹೋಗಬೇಕಿತ್ತು. ತಾಯಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಮಗ್ಗುಲು ಬದಲಿಸಲಿಕ್ಕೂ ಮಗಳೇ ಬೇಕು. ಎರಡು ತಾಸು ಕಾಲುದಾರಿಯಲ್ಲಿ ಅವರನ್ನು ಒಯ್ಯುವ ಹಾಗಿಲ್ಲ. ವಾನಳ್ಳಿಯಲ್ಲಿ ಅಕ್ಕೋರ ಅಣ್ಣನ ಮನೆಯಿತ್ತು. ಆ ಮನೆಯವರು ಅಜ್ಜಿಯನ್ನು ಒಂದು ಸಲ ಇಟ್ಟುಕೊಂಡು, ಹದಿನೈದು ದಿನಕ್ಕೆ ಬೆನ್ನೆಲ್ಲ ಹುಣ್ಣು ಮಾಡಿ ಎತ್ತಿನ ಗಾಡಿಯಲ್ಲಿ ತಿರುಗಿ ಕಳಿಸಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ನನಗೆ ಗೊತ್ತಿಲ್ಲದೆ ಇದ್ದದ್ದು ಒಂದೇ, ಅಕ್ಕೋರಿಗೆ ಇಂಗ್ಲಿಷ್ ಬರುತ್ತದೆ ಎಂಬುದು. ಐದು ವರ್ಷ ಒಂದೇ ಶಾಲೆಯಲ್ಲಿದ್ದರೂ ಅವರು ಅದನ್ನು ಬಾಯಿಬಿಟ್ಟಿರಲಿಲ್ಲ. ತರಬೇತಿಗೆ ಎರಡು ದಿನ ಮೊದಲು ಏನೋ ಕೇಳಲು ಅವರ ಬಾಡಿಗೆ ಮನೆಗೆ ಹೋಗಿದ್ದೆ. ಅಂಗಡಿಯಿಂದ ಬೇಳೆ ಕಟ್ಟಿಸಿಕೊಂಡು ಬಂದ ಪೇಪರಿನ ಚೂರನ್ನು ಮಣೆಯ ಮೇಲೆ ಹರವಿ, ಮಡಿಕೆ ನೀವಿ, ತಾಯಿಗೆ ಓದಿ ಅರ್ಥ ಹೇಳುತ್ತಿದ್ದರು. ಪೇಪರು ಇಂಗ್ಲಿಷಿನದು. ಎಲ್ಲೋ ಯಾರದೋ ಹಡಗು ಮುಳುಗಿದ ಸುದ್ದಿ. ಕೇಳಿದರೆ, ಸಣ್ಣವರಿದ್ದಾಗ ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿ ಎಂಟು ವರ್ಷ ಇದ್ದರಂತೆ, ಅಲ್ಲಿಯ ಇಂಗ್ಲಿಷ್ ಶಾಲೆಗೆ ಹೋಗಿದ್ದರಂತೆ. ಆಮೇಲೆ ಮದುವೆ, ಆಮೇಲೆ ವೈಧವ್ಯ, ಆಮೇಲೆ ಮುಲ್ಕಿ ಪರೀಕ್ಷೆ.

"ಅಕ್ಕೋರೆ, ಇಷ್ಟು ಇಂಗ್ಲಿಷ್ ಬರ್ತದ, ಯಾರಿಗೂ ಹೇಳೇ ಇಲ್ಲಲ್ರಿ," ಅಂದೆ.

"ಎಂತದೂ ಬತ್ತಿಲ್ಲೆ ತಂಗಿ. ಏನೋ ಅಕ್ಷರ ಕೂಡ್ಸಿ ಓದ್ತೆ ಅಷ್ಟೇ," ಅಂದರು.

ಇದು ಆ ಅಡಿಕೆ ತೋಟದ ಮನೆಗಳವರ ರೀತಿ. ಅವರಲ್ಲಿ ಊಟಕ್ಕೆ ಕರೆದರೆ ಎಲೆಯ ಮೇಲೆ ಜಾಗವಿಲ್ಲದಷ್ಟು ಬಡಿಸಿ, ಎಂತದೂ ಮಾಡಿದ್ದಿಲ್ಲೆ ಅನ್ನುತ್ತಾರೆ. ನಾವು ಅವರ ಮನೆಗೆ ಹೋದರೆ ಆಸರಿಗೆ ಬೇಕೇ ಎಂದು ಕೇಳುತ್ತಾರೆ. ಆಸರಿ ಅಂದರೆ ಕುಡಿಯಲು ಕೊಡುವುದು, ಬೆಲ್ಲ ನೀರೋ ಚಹವೋ. ಬೇಡ ಅನ್ನುವುದು ಮರ್ಯಾದೆ. ಮತ್ತೆ ಕೇಳುವುದು ಅವರ ಮರ್ಯಾದೆ. ಮೂರನೆಯ ಸಲಕ್ಕೆ, ಆತು ಹಂಗಾರೆ ಒಂಚೂರು, ಎಂದು ಒಪ್ಪುವುದು. ಹಾಡಲು ಬರುವವರು ಬರುವುದಿಲ್ಲ ಅನ್ನಬೇಕು. ನಾಲ್ಕು ಸಲ ಒತ್ತಾಯ ಮಾಡಿಸಿಕೊಂಡು ಆಮೇಲೆ ಎಲ್ಲರೂ ಬೆರಗಾಗುವ ಹಾಗೆ ಹಾಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಲೆಕ್ಕ ಗೊತ್ತಿಲ್ಲದೆ ನೆರೆಮನೆಯವರು ಮೊದಲ ಸಲ ಕೇಳಿದಾಗಲೇ ಕೊಡ್ರಿ ಅಂದು ಲೋಟ ಮುಗಿಸಿದ್ದೆ. ಆ ಓಣಿಯಲ್ಲಿ ಅದು ಒಂದು ತಿಂಗಳ ಸುದ್ದಿಯಾಯಿತು.

ತರಬೇತಿ ಶುರುವಾಯಿತು. ಕಲಿಸಲು ಬಂದವರು ಮೈಸೂರು ಕಡೆಯ ಒಬ್ಬ ಅಧಿಕಾರಿ. ಕರಿ ಕೋಟು, ಜರಿ ಅಂಚಿನ ಪಂಚೆ, ಬೆರಳಲ್ಲಿ ಸೀಮೆಸುಣ್ಣದ ಬದಲು ನಶ್ಯ. ಅವರ ಇಂಗ್ಲಿಷ್ ನಮಗೆ ತಿಳಿಯದಿದ್ದರೆ ಆಶ್ಚರ್ಯವಿರಲಿಲ್ಲ, ಅವರ ಕನ್ನಡವೇ ಅರ್ಧ ದಾರಿಯಲ್ಲಿ ನಮ್ಮ ಕೈಬಿಡುತ್ತಿತ್ತು. ಪರೀಕ್ಷೆ ಹೇಗಿರುತ್ತದೆ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: ಸಹಜವಾಗಿ ಮಾತಾಡಿ ಸಾಕು. ಸಹಜವಾಗಿ ಮಾತಾಡಿದರೆ ನಾವು ಕನ್ನಡ ಮಾತಾಡುತ್ತೇವೆ ಎಂಬ ಸಣ್ಣ ತೊಡಕನ್ನು ಅವರಿಗೆ ತಿಳಿಸಿಕೊಡಲು ನಲವತ್ತು ಜನರಲ್ಲಿ ಒಬ್ಬರಿಗೂ ಇಂಗ್ಲಿಷ್ ಬರಲಿಲ್ಲ. ಬರುತ್ತಿದ್ದ ಒಬ್ಬರು ಹಿಂದಿನ ಸಾಲಿನಲ್ಲಿ ಬಾಯಿಮುಚ್ಚಿ ಕೂತಿದ್ದರು.

ನಮ್ಮನ್ನು ಕಾಪಾಡಿದವರು ಸಿದ್ದಾಪುರದ ಮಾಸ್ತರರು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿಂದಿನ ಹಲಸಿನ ಮರದ ಕೆಳಗೆ ಅವರ ಪ್ರತ್ಯೇಕ ಕ್ಲಾಸು. ಅಧಿಕಾರಿಗಳ ಕ್ಲಾಸಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಅಲ್ಲಿ ಕಣ್ಣರಳಿಸಿ ಕೂರುತ್ತಿದ್ದರು. ನಪಾಸಾದ ಮನುಷ್ಯನಿಗೆ ಒಂದು ಅನುಕೂಲವಿದೆ. ಪಾಸಾದವನು ತನ್ನ ಜಾಣತನದಿಂದ ಪಾಸಾದೆ ಎಂದುಕೊಂಡು ಪರೀಕ್ಷೆಯನ್ನು ಮರೆತುಬಿಡುತ್ತಾನೆ. ನಪಾಸಾದವನು ಮಾತ್ರ ಅದರ ಒಂದೊಂದು ಮೊಳೆಯನ್ನೂ ನೆನಪಿಟ್ಟಿರುತ್ತಾನೆ.

"ನಾಕು ಭಾಗ ಇದ್ದು," ಎಂದು ಅವರು ಶುರುಮಾಡಿದರು. "ಜೋಡಿ ಜೋಡಿ ಒಳಗೆ ಕರೀತ. ಮೊದ್ಲು ಕುಶಲ ಪ್ರಶ್ನೆ. ಹೆಸರೆಂತ, ಊರ್ಯಾವ್ದು, ಇಂಗ್ಲಿಷ್ ಹೆಂಗಿದ್ದು ಅಂತ. ಎರಡ್ನೇದು, ನಿಮ್ಮ ಬಗ್ಗೆ ಒಂದು ನಿಮಿಷ. ಮೂರ್ನೇದು, ಒಂದು ಚಿತ್ರ ತೋರ್ಸಿ ಎಂತ ಕಾಣ್ತು ಅಂತ. ನಾಕ್ನೇದು ಜೋಡಿ ಮಾತು. ನೀವಿಬ್ರೇ ಐದು ನಿಮಿಷ ಮಾತಾಡೂದು, ಅವರು ಸುಮ್ಮಂಗೆ ಕೂತು ಬರ್ಕತ್ತ."

ಅದರ ಮೇಲೆ ಅವರ ಉಪದೇಶಗಳು. ಇಂಗ್ಲಿಷ್ ಹೇಗಿದೆ ಎಂದರೆ ಒಳ್ಳೆಯದಿದೆ ಅನ್ನಿ, ನೀವು ಬಾಯಲ್ಲಿ ಹೇಳಿದ್ದನ್ನೇ ಅವರು ಬರೆದುಕೊಳ್ಳುವುದು. ಚಿತ್ರ ಯಾವುದಾದರೂ ಸರಿ, ಎಡಗಡೆ ಮೂಲೆಯಿಂದ ಹಿಡಿದು ಬಲಗಡೆ ಮೂಲೆಯವರೆಗೆ ಐ ಸೀ, ಐ ಸೀ ಎಂದು ಕಂಡದ್ದನ್ನೆಲ್ಲ ಎಣಿಸುತ್ತಾ ಹೋಗಿ. ನೀವು ಎಂತ ಹೇಳುತ್ತೀರಿ ಎಂಬುದು ಯಾರಿಗೂ ಬೇಕಾಗಿಲ್ಲ, ನಿಲ್ಲಿಸದೆ ಹೇಳುತ್ತೀರಾ ಎಂಬುದಷ್ಟೇ ಬೇಕು. ಕೊನೆಗೆ ದನಿ ತಗ್ಗಿಸಿ, ತಾವು ಎಲ್ಲಿ ಮುಳುಗಿದ್ದು ಎಂಬುದನ್ನು ಹೇಳಿದರು.

"ಜೋಡಿ ಮಾತಲ್ಲಿ ಆನು ಮರ್ಯಾದೆ ಮಾಡಕ್ಕೆ ಹೋದೆ. ನನ್ನ ಜೋಡಿದಾರಂಗೆ ಪ್ರಶ್ನೆ ಕೇಳ್ತಾ ಕೂತೆ, ಅಂವ ಉತ್ತರ ಹೇಳ್ತಾ ಹೋದ. ಮಾರ್ಕು ಉತ್ತರಕ್ಕೆ. ಪ್ರಶ್ನೆಗೆ ಒಂದೂ ಇಲ್ಲೆ. ಇಬ್ರೂ ಸಮ ಸಮ ಕೇಳೂದು ಅಂತ ಮೊದ್ಲೇ ಒಪ್ಪಂದ ಮಾಡ್ಕಳಿ. ಇಲ್ದಿದ್ರೆ ಬರೀ ಕೇಳಿದವ ಮುಳುಗ್ದ."

ಹಿರಿಯ ಅಕ್ಕೋರು ಮಧ್ಯಾಹ್ನದ ಬಿಡುವಿನಲ್ಲಿ ಹಲಸಿನ ಮರದ ಕೆಳಗೆ ಕೂರುವ ಹಾಗಿರಲಿಲ್ಲ. ತಾಯಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಬರಲು ಮನೆಗೆ ಓಡುತ್ತಿದ್ದರು. ಸಂಜೆ ಒಟ್ಟಿಗೆ ಮನೆ ಕಡೆ ನಡೆಯುವಾಗ ನನ್ನನ್ನು ಕೇಳುತ್ತಿದ್ದರು, ಇವತ್ತು ಮಾಸ್ತರರು ಎಂತ ಹೇಳಿದರು ಎಂದು. ನಾನು ಹೇಳುತ್ತಿದ್ದೆ. ನಾಲ್ಕು ಭಾಗವಿದೆ ಎಂದು ಹೇಳಿದೆ. ಚಿತ್ರವನ್ನು ಎಡದಿಂದ ಬಲಕ್ಕೆ ಎಣಿಸಬೇಕು ಎಂದು ಹೇಳಿದೆ. ಅವರು ನಕ್ಕರು. ಇಂಗ್ಲಿಷ್ ಒಳ್ಳೆಯದಿದೆ ಅನ್ನಬೇಕಂತೆ ಎಂದು ಹೇಳಿದೆ. ಅಯ್ಯೋ, ಹಂಗೆ ನಮ್ಮ ಬಾಯಿಂದ ನಾವೇ ಹೇಂಗೆ ಹೇಳೂದು, ಅಂದರು. ಜೋಡಿ ಮಾತು ಐದು ನಿಮಿಷ ಎಂದು ಹೇಳಿದೆ. ಮಾರ್ಕು ಉತ್ತರಕ್ಕೆ, ಪ್ರಶ್ನೆಗಲ್ಲ ಎಂಬುದನ್ನು ಹೇಳಲಿಲ್ಲ. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ನಮ್ಮ ಮನೆಯ ತಿರುವು ಬಂತು. ಆ ತಿರುವು ಮರುದಿನವೂ ಬಂತು, ಅದರ ಮರುದಿನವೂ ಬಂತು. ಶಿರಸಿಯಲ್ಲಿ ನನಗೆ ಅಷ್ಟು ಉಪಕಾರ ಮಾಡಿದ ತಿರುವು ಇನ್ನೊಂದಿಲ್ಲ.

ಅವರು ನನಗೆ ಮಾಡಿದ್ದೇನು ಎಂಬುದನ್ನೂ ಹೇಳಬೇಕು. ನನಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಕಲಿಸಿಕೊಡಿ ಎಂದು ಕೇಳಿಕೊಂಡೆ. ಅಕ್ಕೋರು ಸಂಜೆ ಸಂಜೆ ನನ್ನನ್ನು ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು, ಕೇಳಬಹುದಾದ ಪ್ರಶ್ನೆಗಳನ್ನು ತಾವೇ ಊಹಿಸಿ, ಅವಕ್ಕೆ ಉತ್ತರ ಬರೆದುಕೊಟ್ಟರು. ನನ್ನ ಊರು, ನಮ್ಮಪ್ಪನ ಬೆಲ್ಲ, ಹಬ್ಬಕ್ಕೆ ಏನು ಅಡಿಗೆ ಮಾಡುತ್ತೇವೆ, ನನ್ನ ತರಗತಿಯಲ್ಲಿ ಎಷ್ಟು ಮಕ್ಕಳು, ಪ್ರಯಾಣ ಹೇಗಾಯಿತು. ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದು, ಎಲ್ಲಿ ಉಸಿರು ಎಳೆಯಬೇಕು ಎಂಬಲ್ಲಿ ಒಂದು ಗೆರೆ ಹಾಕಿದ್ದರು. ನಾನು ಅದನ್ನು ಪಾತ್ರೆ ತೊಳೆಯುವಾಗ, ನೀರು ಸೇದುವಾಗ, ಗಂಡ ಮಾತಾಡಿಸಿದಾಗಲೂ ಪಠಿಸಿದೆ. ಗಂಡ ನನಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದ.

ಒಂದು ಸಂಜೆ ನಾನು ಕೇಳಿದೆ, "ಅಕ್ಕೋರೆ, ನನಗ್ಯಾಕ ಕಲಸ್ತೀರಿ? ನಾ ನಪಾಸಾದ್ರ ನಿಮಗ ಚೊಲೊ ಅಲ್ಲೇನ್ರಿ?"

ಒಳಗೆ ತಾಯಿ ಏನೋ ಕೂಗಿದರು. ಅಕ್ಕೋರು ಏಳುತ್ತಾ, "ಕೇಳ್ದವರಿಗೆ ಇಲ್ಲೆ ಹೇಳದು ಹೆಂಗೆ?" ಅಂದು ಒಳಗೆ ಹೋದರು. ಆ ಮಾತಿನಿಂದ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇವರು ಈ ಲೋಕದಲ್ಲಿ ಬಾಳುವುದು ಕಷ್ಟ ಎಂದು ಮರುಕವಾಯಿತು. ಆ ಮರುಕದಲ್ಲೇ ಅವರು ಬರೆದುಕೊಟ್ಟ ಹಾಳೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದೆ.

ಪರೀಕ್ಷೆಯ ದಿನ ಮೂರು ತಾಲೂಕಿನ ಬಾಯಿಗಳೆಲ್ಲ ಒಣಗಿದ್ದವು. ಒಳಗೆ ಹೋಗಿ ಬಂದವರೆಲ್ಲ ಚಿತ್ರದ ಬಗ್ಗೆಯೇ ಗೋಳಾಡುತ್ತಿದ್ದರು. ಚಿತ್ರ ರೈಲ್ವೆ ಸ್ಟೇಶನ್ನಿನದು. ನಮ್ಮ ಮೂರು ತಾಲೂಕಿಗೆ ರೈಲು ಬರುವುದಿಲ್ಲ, ಬಂದವರಲ್ಲಿ ಅರ್ಧದಷ್ಟು ಜನ ರೈಲನ್ನು ಕಣ್ಣಾರೆ ಕಂಡಿರಲಿಲ್ಲ. ಒಬ್ಬರು ಅದನ್ನು ಉದ್ದದ ಬಸ್ಸು ಎಂದು ವರ್ಣಿಸಿ ಬಂದಿದ್ದರು. ಯಲ್ಲಾಪುರದ ಒಬ್ಬ ಮಾಸ್ತರರ ಮನೆಯವರದು ಲಾರಿ ವ್ಯವಹಾರ. ಅವರು ರೈಲನ್ನು ಬಿಟ್ಟು, ಚಿತ್ರದ ಮೂಲೆಯಲ್ಲಿ ನಿಂತಿದ್ದ ಲಾರಿಯೊಂದರ ಬಗ್ಗೆಯೇ ಪೂರ್ತಿ ಎರಡು ನಿಮಿಷ ಮಾತಾಡಿದರಂತೆ. ಪರೀಕ್ಷಕರು ಕೊನೆಗೆ ಸಾಕು ಎಂದು ಬೇಡಿಕೊಳ್ಳಬೇಕಾಯಿತಂತೆ. ಅವರಿಗೆ ಒಳ್ಳೆಯ ಮಾರ್ಕು ಬಂತು ಎಂದು ಆಮೇಲೆ ತಿಳಿಯಿತು.

ನಮ್ಮಿಬ್ಬರನ್ನು ಜೋಡಿಯಾಗಿ ಒಳಗೆ ಕರೆದರು. ಪರೀಕ್ಷಕರು ಮತ್ತೊಬ್ಬ ಹೊಸಬರು, ಕನ್ನಡಕದ ಮೇಲಿಂದ ನೋಡುವವರು. ಎದುರಿಗೆ ಗೆರೆ ಎಳೆದ ಹಾಳೆ. ಕೂರಲು ಹೇಳಿದರು. ನಾನು ಕೂತೆ. ಅಕ್ಕೋರು ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿ ನಿಂತೇ ಇದ್ದರು. ಪರೀಕ್ಷಕರು ಮತ್ತೊಮ್ಮೆ ಹೇಳಿದರು, ಅಕ್ಕೋರು ಆಗಲೂ ನಿಂತೇ ಇದ್ದರು. ಮೂರನೆಯ ಸಲ ಪರೀಕ್ಷಕರು ಹೇಳಲಿಲ್ಲ. ಪರವೂರಿನ ಮನುಷ್ಯ, ಮೂರನೆಯ ಸಲ ಹೇಳುವುದು ತನ್ನ ಕರ್ತವ್ಯ ಎಂದು ಅವರಿಗೆ ಯಾರು ಹೇಳಬೇಕು? ಅಕ್ಕೋರು ಬಹಳ ಹೊತ್ತು ನಿಂತೇ ಉತ್ತರ ಕೊಟ್ಟರು.

"ಹೌ ಈಸ್ ಯುವರ್ ಇಂಗ್ಲಿಷ್?" ಎಂದು ಮೊದಲು ನನ್ನನ್ನು ಕೇಳಿದರು.

"ವೆರಿ ಗುಡ್, ಸರ್," ಅಂದೆ. ನಮ್ಮಪ್ಪ ಬೆಲ್ಲಕ್ಕೂ ಇಷ್ಟು ಧೈರ್ಯವಾಗಿ ಹೇಳಿರಲಿಕ್ಕಿಲ್ಲ. ಅವರು ಬರೆದುಕೊಂಡರು.

ಅದೇ ಪ್ರಶ್ನೆ ಅಕ್ಕೋರಿಗೆ. ಅವರು ತಲೆ ತಗ್ಗಿಸಿ, ತೀರ ಸ್ವಲ್ಪ ಸರ್, ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ, ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಚೆಂದದ ಇಂಗ್ಲಿಷಿನಲ್ಲಿ ಇಂಗ್ಲಿಷ್ ಬರುವುದಿಲ್ಲ ಎಂದವರನ್ನು ನಾನು ಆಮೇಲೆ ಕಂಡಿಲ್ಲ. ಪರೀಕ್ಷಕರು ಅದನ್ನೂ ಬರೆದುಕೊಂಡರು. ಹೇಗೆ ಹೇಳಿದರು ಎಂಬುದಕ್ಕೆ ಆ ಹಾಳೆಯಲ್ಲಿ ಚೌಕ ಇದ್ದಿತೋ ಇಲ್ಲವೋ, ಏನು ಹೇಳಿದರು ಎಂಬುದಕ್ಕೆ ಇತ್ತು. ಇಂಗ್ಲಿಷ್ ಪುಸ್ತಕ ಓದಿದ್ದೀರಾ ಅಂದರು. ಓದಿದ್ದೆ ಅನ್ನುವಷ್ಟೇನಿಲ್ಲ ಎಂದು ಅಕ್ಕೋರು ಅಂದರು. ನಾಲ್ಕು ಸಲ ಒತ್ತಾಯ ಮಾಡಿದ್ದರೆ ಅಕ್ಕೋರು ಮುಂಬಯಿಯ ಎಂಟು ವರ್ಷವನ್ನು ಬಿಚ್ಚಿಡುತ್ತಿದ್ದರೋ ಏನೋ. ಪರೀಕ್ಷಕರಿಗಾಗಿ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

ನಮ್ಮ ಬಗ್ಗೆ ಹೇಳುವ ಒಂದು ನಿಮಿಷವೂ ಹೀಗೆಯೇ ಮುಗಿದು, ಚಿತ್ರ ಬಂತು. ನಾನು ಎಡಗಡೆಯ ಮೂಲೆಯಿಂದ ಹೊರಟೆ. ಒಂದು ಗಡಿಯಾರ ಕಾಣುತ್ತೇನೆ, ಒಂದು ನಾಯಿ ಕಾಣುತ್ತೇನೆ, ಪೆಟ್ಟಿಗೆ ಹೊತ್ತವನನ್ನು ಕಾಣುತ್ತೇನೆ, ಟೊಪ್ಪಿಗೆಯವನನ್ನು ಕಾಣುತ್ತೇನೆ. ಬಲಗಡೆಯ ಮೂಲೆ ಮುಟ್ಟಿದ ಮೇಲೂ ಉಸಿರು ಉಳಿದಿದ್ದರಿಂದ ನಾಯಿಯನ್ನು ಇನ್ನೊಮ್ಮೆ ಕಂಡೆ. ಅಕ್ಕೋರು ಚಿತ್ರವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಚಿತ್ರದ ಒಂದು ಮೂಲೆಯಲ್ಲಿ ಕೆಂಪು ಲಂಗದ ಒಂದು ಹುಡುಗಿ ಇದ್ದಳು, ನಾನು ಅವಳನ್ನು ಎಣಿಕೆಯಲ್ಲಿ ಸೇರಿಸಿದ್ದೆ ಅಷ್ಟೇ. ಈ ಹುಡುಗಿ ಯಾರನ್ನೋ ಕಳಿಸಲು ಬಂದಿದ್ದಾಳೆ, ಅವಳಿಗೆ ಅಳು ಬರುತ್ತಿದೆ, ಆದರೆ ರೈಲು ಹೋಗಲಿ ಎಂದು ತಡೆದುಕೊಂಡಿದ್ದಾಳೆ, ಎಂದು ಅಕ್ಕೋರು ಹೇಳಿ ಚಿತ್ರವನ್ನು ತಿರುಗಿ ಕೊಟ್ಟರು. ನಾನೂ ಬಗ್ಗಿ ನೋಡಿದೆ. ಹೌದು, ಹುಡುಗಿ ಹಾಗೆಯೇ ಇದ್ದಳು. ಪರೀಕ್ಷಕರು ಇನ್ನೇನಾದರೂ ಬರುತ್ತದೆಯೇ ಎಂದು ಕಾದು, ಬಾರದ್ದು ಕಂಡು ಸಣ್ಣದಾಗಿ ಏನೋ ಗೀಚಿದರು.

ಆಮೇಲೆ ಜೋಡಿ ಮಾತು. ಒಂದು ಚೀಟಿ ಕೊಟ್ಟರು. ಒಬ್ಬರು ಮನೆಯವರು, ಒಬ್ಬರು ಅತಿಥಿ. ಐದು ನಿಮಿಷ. ಇಬ್ಬರೂ ಮಾತಾಡಬೇಕು ಎಂದು ಒತ್ತಿ ಹೇಳಿದರು. ಅಕ್ಕೋರು ಚೀಟಿ ನೋಡಿ, ಕಣ್ಣಿನಲ್ಲೇ ನನಗೆ ನೀನು ಅತಿಥಿ ಎಂದು ತಿಳಿಸಿ, ತಾವು ಮನೆಯವರಾದರು. ಅಲ್ಲಿಯವರೆಗೆ ನಿಂತಿದ್ದವರು ಆಗ ಕುರ್ಚಿಯಲ್ಲಿ ಕೂತರು. ಬನ್ನಿ ಬನ್ನಿ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕರೆದರು. ಪ್ರಯಾಣ ಹೇಗಾಯಿತು ಎಂದು ಕೇಳಿದರು.

ಪ್ರಯಾಣ ಹೇಗಾಯಿತು ಎಂಬುದಕ್ಕೆ ಅವರು ಬರೆದುಕೊಟ್ಟ ಏಳು ಸಾಲಿತ್ತು. ಗೆರೆ ಇದ್ದಲ್ಲೆಲ್ಲ ಉಸಿರೆಳೆದು ಏಳೂ ಸಾಲು ಒಪ್ಪಿಸಿದೆ. ನಿಮ್ಮ ಊರು ಹೇಗಿದೆ ಅಂದರು. ಅದೂ ಬರುತ್ತಿತ್ತು. ನಿಮ್ಮ ತಂದೆಯವರ ಬೆಲ್ಲದ ವ್ಯಾಪಾರ ಹೇಗೆ ನಡೆದಿದೆ ಅಂದರು. ಹಬ್ಬಕ್ಕೆ ಏನು ಅಡಿಗೆ ಮಾಡಿದಿರಿ, ತರಗತಿಯಲ್ಲಿ ಎಷ್ಟು ಮಕ್ಕಳು. ನನಗೆ ಆಗ ಅರ್ಥವಾಯ್ತು. ನನಗೆ ಯಾವ ಯಾವ ಉತ್ತರ ಬಾಯಿಪಾಠ ಇದೆಯೋ ಅದಕ್ಕೆ ಸರಿಯಾದ ಪ್ರಶ್ನೆಗಳನ್ನೇ ಒಂದರ ಹಿಂದೆ ಒಂದು ಬಡಿಸುತ್ತಿದ್ದರು. ಮನೆಗೆ ಬಂದವಳ ಎಲೆ ಬರಿದಾಗಬಾರದು, ಅಷ್ಟೇ ಅವರ ಗಮನ. ಬಡಿಸುವವರು ಅತಿಥಿಯ ಜೊತೆ ಕೂತು ಉಣ್ಣುವ ಪದ್ಧತಿ ಅವರಲ್ಲಿ ಇಲ್ಲ.

ನಡುನಡುವೆ ಅವರು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಒಂದು ಸಲ, ಎರಡು ಸಲ, ಮೂರನೆಯ ಸಲ. ಅಲ್ಲಿ ನಾನು ಕೇಳಬೇಕಿತ್ತು. ಯಾರ ಮನೆಗೇ ಹೋಗಲಿ, ಹೋದವರು ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಕೇಳುವ ಮಾತೊಂದಿದೆ. ಅದರ ಇಂಗ್ಲಿಷ್ ನನಗೆ ಬರುತ್ತಿತ್ತು. ಹೌ ಈಸ್ ಯುವರ್ ಮದರ್. ನಾಲ್ಕೇ ಶಬ್ದ, ಮೊದಲನೆಯ ದಿನವೇ ಅವರೇ ಕಲಿಸಿದ್ದರು. ಅದೊಂದು ಕೇಳಿದ್ದರೆ ಸಾಕು, ಆ ಹೆಂಗಸು ಐದು ನಿಮಿಷವಲ್ಲ, ಐದು ತಾಸು ಮಾತಾಡುತ್ತಿದ್ದರು, ಪರೀಕ್ಷಕರು ಪೆನ್ನು ಕೆಳಗಿಡುತ್ತಿದ್ದರು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿದೆ. ನುಂಗಿ, ಹಬ್ಬದ ಅಡಿಗೆಯಲ್ಲಿ ಹೋಳಿಗೆ ಹೇಳಲು ಮರೆತಿದ್ದೆ ಎಂದು ಅದನ್ನು ಸೇರಿಸಿದೆ. ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಕೇಳಿದ್ದೆ, ಕೂತು ಎಣಿಸಿದ್ದು ಅವತ್ತೇ.

ಹದಿನೈದು ದಿನಕ್ಕೆ ಪಟ್ಟಿ ಬಂತು. ನನ್ನದು ಮೇಲಿನ ನಾಲ್ಕರಲ್ಲಿ. ಅಕ್ಕೋರದು ನಪಾಸು. ಸಿದ್ದಾಪುರದ ಮಾಸ್ತರರೂ ಮತ್ತೆ ನಪಾಸಾಗಿದ್ದರು. ಈ ಸಲ ಸಮ ಸಮ ಪ್ರಶ್ನೆಯ ಒಪ್ಪಂದ ಮಾಡಿಕೊಂಡದ್ದು ಸರಿಯೇ, ಆದರೆ ಜೋಡಿದಾರ ಒಳಗೆ ಹೋದ ಮೇಲೆ ಒಪ್ಪಂದ ಮರೆತನಂತೆ. ನನ್ನಂಥವರು ಇನ್ನೂ ಇದ್ದಾರೆ ಎಂದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ನನ್ನ ಗಂಡ ಪೇಟೆಯಿಂದ ಜಿಲೇಬಿ ತಂದ.

ನನಗೆ ಎರಡು ದಿನ ನಿದ್ದೆ ಸರಿಯಾಗಲಿಲ್ಲ ಎಂದರೆ ಸುಳ್ಳಲ್ಲ. ಮೂರನೆಯ ದಿನ ಹೆಡ್‌ಮಾಸ್ತರರ ಹತ್ತಿರ ಹೋಗಿ, "ಸರ್, ಖರೇ ಹೇಳ್ಬೇಕಂದ್ರ ಆ ಅಕ್ಕೋರಿಗೆ ನನಗಿಂತ ಚೊಲೊ ಇಂಗ್ಲಿಷ್ ಬರ್ತದ್ರಿ," ಅಂದೆ.

ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ಕಾಗದದ ಮ್ಯಾಲೆ ಹಂಗಿಲ್ಲಲ್ಲ? ತಾವಾ ತಮ್ಮ ಬಾಯಿಲೆ ಬರೂದಿಲ್ಲ ಅಂದಾರಂತ. ಇಲ್ಲಿ ಬರದಾರ ನೋಡ್ರಿ."

ಜೋಡಿ ಮಾತಿನ ಸಂಗತಿಯನ್ನು ನಾನು ಹೇಳಬಹುದಿತ್ತು. ಹೇಳಿದರೆ ಮರುಪರೀಕ್ಷೆ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆತುರವೂ ನನಗಿರಲಿಲ್ಲ. ನನ್ನ ಕರ್ತವ್ಯ ಮುಗಿಯಿತು ಎಂದು ಹಗುರಾಗಿ ಹೊರಗೆ ಬಂದೆ. ನಾನು ಅವರ ಪರವಾಗಿ ಮಾತಾಡಿದೆ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡೆ ಕೂಡ.

ಶಾಲೆ ಶುರುವಾಗುವ ಹಿಂದಿನ ದಿನ ಅಕ್ಕೋರು ತಮ್ಮ ತರಗತಿಯ ಚಾರ್ಜು ಕೊಡಲು ಬಂದರು. ಅದಕ್ಕೆ ಎರಡು ದಿನ ಮೊದಲು ತಾಯಿಯನ್ನು ಗಾಡಿಯಲ್ಲಿ ಮಲಗಿಸಿ ವಾನಳ್ಳಿಯ ಅಣ್ಣನ ಮನೆಗೆ ಬಿಟ್ಟು ಬಂದಿದ್ದರು. ಅಲ್ಲಿ ಅತ್ತಿಗೆ ಏನಂದರು, ಅಜ್ಜಿಯನ್ನು ಎಲ್ಲಿ ಮಲಗಿಸಿದರು, ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ. ಕಪಾಟಿನಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಭೂಪಟ ಮೂರು, ಸೀಮೆಸುಣ್ಣದ ಪೆಟ್ಟಿಗೆ ಎರಡು, ಹಾಜರಿ ಪುಸ್ತಕ, ಗಂಟೆ ಹೊಡೆಯುವ ಕೋಲು. ಯಾವ ಹುಡುಗನಿಗೆ ಕಿವಿ ಮಂದ, ಯಾವ ಹುಡುಗಿಯನ್ನು ಕಿಟಕಿಯ ಹತ್ತಿರ ಕೂರಿಸಬಾರದು, ಎಲ್ಲ ಹೇಳಿದರು. ನಾನು ಹೂಂ ಹೂಂ ಅನ್ನುತ್ತಾ ಸಹಿ ಹಾಕಿದೆ. ಮುಗಿಯಿತು ಅಂದುಕೊಂಡಾಗ ಅವರು ಕಪಾಟಿಗೆ ಬೀಗ ಹಾಕಿ, ಕೀಲಿಕೈಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು.

"ತಂಗಿ, ಸಿದ್ದಾಪುರದ ಮಾಸ್ತರು ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು," ಅಂದರು. "ಮಾರ್ಕು ಯಾವ್ದಕ್ಕೆ ಅಂತ ಹೇಳಿದ್ರು."

ನಾನು ಹಾಜರಿ ಪುಸ್ತಕದ ಮೇಲಿನ ಧೂಳು ಒರೆಸಿದೆ. ಧೂಳು ಇರಲಿಲ್ಲ.

"ಅದು ಹೋಗ್ಲಿ. ಮಾರ್ಕಿನ ಮಾತಲ್ಲ. ಮನೆಗೆ ಬಂದವಳು ಆಯಿ ಹೇಂಗಿದ್ದು ಅಂತ ಕೇಳ್ತೆ ಅಂತ ಕಾದೆ. ಮೂರು ಸಲ ಕಾದೆ. ಎಂತಕ್ಕೆ ಕೇಳಿದ್ದಿಲ್ಲೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಲಿಯದ ಹುಡುಗಿಗೆ ಇನ್ನೊಂದು ಸಲ ಪ್ರಶ್ನೆ ಹಾಕುವ ಹಾಗಿತ್ತು. ಮರೆತೆ ಎಂದು ಹೇಳಬಹುದಿತ್ತು, ಗಾಬರಿಯಾಯಿತು ಎಂದು ಹೇಳಬಹುದಿತ್ತು, ಅವರು ಒಪ್ಪಿಕೊಂಡು ಬಿಡುತ್ತಿದ್ದರು. ನನಗೆ ಅಳು ಬಂತು. ನಮ್ಮಪ್ಪ ಕಲಿಸಿದ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಕೇಳಿದ್ರ ನೀವು ಹೇಳ್ತಿದ್ರಿ, ಅಕ್ಕೋರೆ," ಅಂದೆ.

ಅವರು ನಿಧಾನವಾಗಿ ತಲೆಯಾಡಿಸಿದರು.

"ಹೇಳ್ತಿದ್ದೆ," ಅಂದು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು.